ಹೆಲ್ಮೆಟ್ಟಿನೊಳಗೆ ಒಂದೂವರೆ ಲೀಟರ್ ನೀರು: ‘ಇವಿಎ 23’ ಪ್ರಕರಣ

2013ರ ಜುಲೈ 16ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಇಬ್ಬರು ಬಾಹ್ಯಾಕಾಶ ನಡಿಗೆಗೆ (ನಾಸಾದ ಸಂಕ್ಷೇಪದಲ್ಲಿ ‘ಇವಿಎ’) ಇಳಿದಿದ್ದರು: ನಾಸಾದ ಕ್ರಿಸ್ ಕ್ಯಾಸಿಡಿ ಮತ್ತು ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಇಟಾಲಿಯನ್ ಗಗನಯಾತ್ರಿ ಲೂಕಾ ಪರ್ಮಿತಾನೊ. ಆರೂವರೆ ಗಂಟೆಗೆಂದು ಲೆಕ್ಕ ಹಾಕಿದ್ದ ಕೆಲಸ 1 ಗಂಟೆ 32 ನಿಮಿಷಕ್ಕೆ ನಿಂತುಹೋಯಿತು. ಒಳಗೆ ಬಂದ ಪರ್ಮಿತಾನೊ ಅವರ ಹೆಲ್ಮೆಟ್ ಕಳಚಿದಾಗ ಅದರಲ್ಲಿ ಹೆಚ್ಚುಕಡಿಮೆ ಒಂದೂವರೆ ಲೀಟರ್ ನೀರಿತ್ತು. ಒಂದು ಹನಿ ನೀರೂ ಇಲ್ಲದ ನಿರ್ವಾತದಲ್ಲಿ, ಭೂಮಿಯಿಂದ 400 ಕಿ.ಮೀ. ಮೇಲೆ, ಮನುಷ್ಯನೊಬ್ಬ ನೀರಿನಲ್ಲಿ ಮುಳುಗಿ ಸಾಯುವುದರಲ್ಲಿದ್ದ.

ಬಾಹ್ಯಾಕಾಶದ ಅಪಾಯ ಎಂದರೆ ಉಲ್ಕೆ, ವಿಕಿರಣ, ರಾಕೆಟ್ ಸ್ಫೋಟ ಎಂದೇ ಸಾಮಾನ್ಯವಾಗಿ ಎಣಿಸುತ್ತೇವೆ. ಈ ಪ್ರಕರಣದಲ್ಲಿ ಅವು ಯಾವುವೂ ಇಲ್ಲ. ಕೆಟ್ಟದ್ದು ಸೂಟಿನ ಬೆನ್ನಪೆಟ್ಟಿಗೆಯೊಳಗಿನ ಒಂದು ಸಣ್ಣ ಭಾಗ. ಅದು ಕೆಡುತ್ತಿರುವುದು ಒಂದು ವಾರ ಮೊದಲೇ ಎಲ್ಲರ ಕಣ್ಣಿಗೂ ಬಿದ್ದಿತ್ತು. ಬಿದ್ದರೂ ಬೇರೆಯದೇ ಹೆಸರಿಟ್ಟು ಸುಮ್ಮನಾದರು. ಪ್ರಕರಣದ ತಿರುಳಿರುವುದು ಆ ವಾರದಲ್ಲಿ; 16ನೇ ತಾರೀಖಿನದು ಅದರ ಫಲ.

ಸೂಟಿನೊಳಗೆ ನೀರು ಹರಿಯುವ ದಾರಿ

ನಾಸಾದ ನಡಿಗೆ ಸೂಟಿಗೆ ಇಎಂಯು ಎಂದು ಹೆಸರು. ಸ್ಪೇಸ್ ಷಟಲ್ ನೌಕೆಗಳ ಕಾಲದ ವಿನ್ಯಾಸ, ಮೊದಲ ಬಾರಿ ಬಾಹ್ಯಾಕಾಶದಲ್ಲಿ ಬಳಸಿದ್ದು 1983ರಲ್ಲಿ. ಒಳಗಿರುವುದು ಶುದ್ಧ ಆಮ್ಲಜನಕ; ಒತ್ತಡ ನೆಲದ ಮೇಲಿನ ಗಾಳಿಯ ಒತ್ತಡದ ಮೂರನೇ ಒಂದು ಪಾಲಿಗಿಂತ ತುಸು ಕಡಿಮೆ. ನಿರ್ವಾತದಲ್ಲಿ ಗಾಳಿ ಬೀಸಿ ಮೈ ತಣ್ಣಗಾಗುವ ಮಾತೇ ಇಲ್ಲವಾದ್ದರಿಂದ, ದುಡಿಯುವ ಮೈಯ ಶಾಖವನ್ನು ನೀರಿನಿಂದಲೇ ಹೊರಹಾಕಬೇಕು. ಒಳ ಉಡುಪಿನಲ್ಲಿ ಸುಮಾರು 90 ಮೀಟರ್ ಉದ್ದದ ತೆಳು ಕೊಳವೆ ಹೊಲಿದಿರುತ್ತದೆ. ಅದರಲ್ಲಿ ಹರಿಯುವ ನೀರು ಶಾಖ ಹೀರಿಕೊಂಡು ಬೆನ್ನಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿ ರಂಧ್ರಮಯ ಲೋಹದ ತಟ್ಟೆಯ ಮೇಲೆ ಮಂಜುಗಡ್ಡೆಯ ತೆಳು ಪದರ ಕಟ್ಟಿಕೊಂಡಿರುತ್ತದೆ. ಈ ಗಡ್ಡೆ ಕರಗದೆ ನೇರವಾಗಿ ಆವಿಯಾಗಿ ನಿರ್ವಾತಕ್ಕೆ ಸೇರುತ್ತದೆ, ಹೋಗುವಾಗ ಶಾಖವನ್ನೂ ಒಯ್ಯುತ್ತದೆ. ಇದಕ್ಕೆಂದು ಪೆಟ್ಟಿಗೆಯ ತೊಟ್ಟಿಗಳಲ್ಲಿ ನಾಲ್ಕು ಲೀಟರಿಗೆ ಹತ್ತಿರದಷ್ಟು ನೀರು ತುಂಬಿರುತ್ತದೆ. ಆರೇಳು ಗಂಟೆಯ ನಡಿಗೆಗೆ ಅಷ್ಟು ಬೇಕು.

ಇನ್ನೊಂದು ದಾರಿ ಗಾಳಿಯದು. ಉಸಿರಿನಿಂದ, ಬೆವರಿನಿಂದ ತೇವವಾದ ಆಮ್ಲಜನಕವನ್ನು ಒಂದು ಫ್ಯಾನು ನಿಮಿಷಕ್ಕೆ ಸುಮಾರು 170 ಲೀಟರಿನಂತೆ ಎಳೆದು, ಇಂಗಾಲದ ಡೈಆಕ್ಸೈಡ್ ತೆಗೆಸಿ, ತಂಪು ಮಾಡಿಸಿ, ಮತ್ತೆ ಹೆಲ್ಮೆಟ್ಟಿಗೆ ಕಳಿಸುತ್ತದೆ. ತಲೆಯ ಹಿಂಭಾಗದಲ್ಲಿರುವ ಕಿಂಡಿಯಿಂದ ಅದು ಮುಖದ ಕಡೆಗೆ ಬೀಸುತ್ತದೆ. ಈ ಕಿಂಡಿ ತಲೆಯ ಹಿಂದಿದೆ ಎಂಬುದನ್ನು ನೆನಪಿಡಬೇಕು.

ಗಾಳಿ ತಂಪಾದಾಗ ಅದರ ತೇವ ನೀರಾಗಿ ಇಳಿಯುತ್ತದಲ್ಲ, ಅದನ್ನು ಬೇರ್ಪಡಿಸಿ ತೊಟ್ಟಿಗೆ ಮರಳಿಸುವುದು ಸೆಪರೇಟರಿನ ಕೆಲಸ. ಫ್ಯಾನು, ನೀರಿನ ಪಂಪು, ಸೆಪರೇಟರು ಮೂರನ್ನೂ ನಡೆಸುವುದು ಒಂದೇ ಮೋಟರು, ನಿಮಿಷಕ್ಕೆ ಸುಮಾರು 19,000 ಸುತ್ತಿನ ವೇಗದಲ್ಲಿ. ಡೈರಿಯಲ್ಲಿ ಹಾಲಿನಿಂದ ಕೆನೆ ತೆಗೆಯುವ ಯಂತ್ರ ನೋಡಿದವರಿಗೆ ಇದು ಹೊಸದಲ್ಲ. ಗಿರಗಿರನೆ ತಿರುಗುವ ಡ್ರಮ್ಮಿನಲ್ಲಿ ಭಾರವಾದ ನೀರು ಅಂಚಿಗೆ ಎಸೆಯಲ್ಪಡುತ್ತದೆ, ಡ್ರಮ್ಮಿನ ಸಣ್ಣ ತೂತುಗಳನ್ನು ದಾಟುತ್ತದೆ, ಅಂಚಿನಲ್ಲಿ ಬಾಯಿ ತೆರೆದುಕೊಂಡಿರುವ ನಳಿಕೆಯೊಂದು ಅದನ್ನು ಹಿಡಿದು ತೊಟ್ಟಿಗೆ ದೂಡುತ್ತದೆ. ಬೆವರಿನ ನೀರಷ್ಟೇ ಇಲ್ಲಿಗೆ ಬರುವುದಲ್ಲ. ತಂಪು ನೀರಿನ ಕೊಳವೆಗಳಲ್ಲಿ ಸೇರಿಕೊಂಡ ಗಾಳಿಗುಳ್ಳೆ ತೆಗೆಯಲು ಇರುವ ಬಲೆಯಿಂದಲೂ ಒಂದಷ್ಟು ನೀರು ಸತತವಾಗಿ ಇಲ್ಲಿಗೇ ಹರಿಯುತ್ತದೆ. ಹಾಗಾಗಿ ಸೆಪರೇಟರು ಕಟ್ಟಿಕೊಂಡರೆ ಸೋರುವುದು ಚಮಚದ ಲೆಕ್ಕದಲ್ಲಲ್ಲ. ಇಡೀ ತಂಪು ವ್ಯವಸ್ಥೆಯ ನೀರು ಗಾಳಿಯ ದಾರಿ ಹಿಡಿಯಬಲ್ಲದು.

ಪರ್ಮಿತಾನೊ ತೊಟ್ಟಿದ್ದ ಸೂಟಿನ ಸಂಖ್ಯೆ 3011. ಅದರ ಸೆಪರೇಟರನ್ನು ಆಮೇಲೆ ಬಿಚ್ಚಿ ನೋಡಿದಾಗ ಡ್ರಮ್ಮಿನ ತೂತುಗಳಲ್ಲಿ ಸಿಲಿಕಾ ಬೆರೆತ ಗಷ್ಟು ಗಟ್ಟಿಯಾಗಿ ಕೂತಿತ್ತು. ನಮ್ಮ ಬೋರ್‌ವೆಲ್ ನೀರು ಗೀಸರಿನೊಳಗೆ ಕಟ್ಟಿಸುವ ಬಿಳಿ ಪದರದ ದೂರದ ನಂಟ ಎನ್ನಿ. ಹೊರಹೋಗುವ ದಾರಿ ಇಲ್ಲದ ನೀರು ಫ್ಯಾನಿನ ಕಡೆ ಚೆಲ್ಲಿ, ಗಾಳಿಯ ಜೊತೆ ತಲೆಯ ಹಿಂದಿನ ಕಿಂಡಿಗೆ ಬಂತು. ಈ ಸಿಲಿಕಾ ಎಲ್ಲಿಂದ ಬಂತೆಂದು ಜಾಡು ಹಿಡಿದು ಹೋದವರಿಗೆ ಸಿಕ್ಕಿದ್ದು ಸೂಟಿನ ನೀರನ್ನು ಶುದ್ಧ ಮಾಡಲೆಂದೇ ಬಳಸುತ್ತಿದ್ದ ಫಿಲ್ಟರುಗಳು. ನೆಲದ ಮೇಲೆ ಅವನ್ನು ಸಿದ್ಧಪಡಿಸುವಾಗಲೇ ಕೊಳೆ ಸೇರಿಕೊಂಡಿತ್ತು.

ಜುಲೈ 9: ತಪ್ಪಿಹೋದ ಅವಕಾಶ

ಒಂದು ವಾರ ಮೊದಲು, ಜುಲೈ 9ರಂದು, ಇದೇ ಇಬ್ಬರು ಇದೇ ಸೂಟುಗಳಲ್ಲಿ 6 ಗಂಟೆ 7 ನಿಮಿಷ ಹೊರಗಿದ್ದರು. ಇಟಲಿಯ ಪ್ರಜೆಯೊಬ್ಬನ ಮೊದಲ ಬಾಹ್ಯಾಕಾಶ ನಡಿಗೆ ಅದು. ಕೊನೆಯ ಹೊತ್ತಿಗೆ ಪರ್ಮಿತಾನೊ ಸೂಟಿನ ಇಂಗಾಲದ ಡೈಆಕ್ಸೈಡ್ ಸಂವೇದಕ ಅಡ್ಡಾದಿಡ್ಡಿ ಅಂಕಿ ತೋರಿಸಿತು. ಒಳಗೆ ಬಂದು ಹೆಲ್ಮೆಟ್ ತೆಗೆದಾಗ ಅರ್ಧದಿಂದ ಒಂದು ಲೀಟರಿನಷ್ಟು ನೀರು ಕಂಡಿತು.

ಸಿಬ್ಬಂದಿ ಕೊಟ್ಟ ವಿವರಣೆ ಸರಳವಾಗಿತ್ತು: ಕುಡಿಯುವ ನೀರಿನ ಚೀಲ ಸೋರಿದೆ. ಎದೆಯ ಬಳಿ ಅಂಟಿಸಿಕೊಳ್ಳುವ ಈ ಚೀಲದ ನಳಿಕೆಯನ್ನು ಕಚ್ಚಿದರೆ ನೀರು ಬರುತ್ತದೆ. ಏರ್‌ಲಾಕಿನಲ್ಲಿ (ನಿಲ್ದಾಣದಿಂದ ಹೊರಹೋಗಿ ಬರುವ ಒತ್ತಡ ಕೋಣೆಯಲ್ಲಿ) ಮುಂದಕ್ಕೆ ಬಾಗಿದಾಗ ಅದು ಅದುಮಿ ಹೋಗಿರಬೇಕು ಎಂದರು. ನೆಲದ ತಂಡ ಒಪ್ಪಿತು. ನೀರು ಒರೆಸಿದರು, ಚೀಲ ಬದಲಿಸಿದರು, ಮುಂದಿನ ನಡಿಗೆಗೆ ಸೂಟು ಸಿದ್ಧ ಎಂದಾಯಿತು.

ಈ ವಿವರಣೆಯನ್ನು ಪರೀಕ್ಷಿಸಲು ಏನು ಬೇಕಿತ್ತು? ತೆಗೆದ ಚೀಲದಲ್ಲಿ ಎಷ್ಟು ಉಳಿದಿದೆ ಎಂದು ನೋಡಬಹುದಿತ್ತು. ಸೂಟನ್ನು ಒಳಗೇ ಚಾಲೂ ಮಾಡಿ ಸ್ವಲ್ಪ ಹೊತ್ತು ಓಡಿಸಿ, ಕಿಂಡಿಯ ಬಳಿ ತೇವ ಬರುತ್ತದೆಯೇ ಎಂದು ಗಮನಿಸಬಹುದಿತ್ತು. ಹಾಗೆ ಓಡಿಸಿದ್ದು ಘಟನೆಯ ಮೇಲೆ. ಆಗಸ್ಟ್ ಕೊನೆಯಲ್ಲಿ ಕ್ಯಾಸಿಡಿ ನಿಲ್ದಾಣದೊಳಗೇ ಅದೇ ಸೂಟನ್ನು ನಡೆಸಿ, ನೀರು ಎಲ್ಲಿಂದ ಹೇಗೆ ಒಸರುತ್ತದೆಂದು ಕ್ಯಾಮೆರಾದ ಮುಂದೆ ತೋರಿಸಿದರು. ಅಂದರೆ ದೋಷ ಅಡಗಿ ಕೂತಿರಲಿಲ್ಲ.

ಯಾಕೆ ಹುಡುಕಲಿಲ್ಲ ಎಂಬುದಕ್ಕೆ ನಾಸಾದ ತನಿಖಾ ಮಂಡಳಿ 2014ರ ಫೆಬ್ರುವರಿಯಲ್ಲಿ ಹೊರತಂದ ವರದಿ ಉತ್ತರ ಕೊಟ್ಟಿದೆ. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಮತ್ತೆ ಮತ್ತೆ ಓದಬೇಕಾದ ಭಾಗವೇ ಇದು. ಹೆಲ್ಮೆಟ್ಟಿನಲ್ಲಿ ಸ್ವಲ್ಪ ನೀರಿರುವುದು ಮಾಮೂಲು ಎಂಬ ಭಾವನೆ ಬೆಳೆದುಬಿಟ್ಟಿತ್ತು. ಕುಡಿಯುವ ಚೀಲ ಎಂದರೆ ಸೋರುವುದೇ ಎಂಬ ನಂಬಿಕೆ ಬೇರೂರಿತ್ತು. ದೋಷವೆಂದು ಅಧಿಕೃತವಾಗಿ ದಾಖಲಿಸಿದರೆ ಶುರುವಾಗುವ ಕಾಗದಪತ್ರ, ಸಭೆ, ವಿಶ್ಲೇಷಣೆಗಳ ಭಾರಕ್ಕೆ ಹೆದರಿ ಜನ ಆ ದಾರಿ ಹಿಡಿಯಲು ಹಿಂಜರಿಯುತ್ತಿದ್ದರು. ಗಗನಯಾತ್ರಿಗಳ ಸಮಯದ ಪ್ರತಿ ಗಂಟೆಯನ್ನೂ ಪ್ರಯೋಗಗಳಿಗೆ ದುಡಿಸಬೇಕೆಂಬ ಒತ್ತಡ ಮೇಲಿನಿಂದ ಇತ್ತು. ಗುರುತ್ವವಿಲ್ಲದಲ್ಲಿ ನೀರು ಹೇಗೆ ನಡೆದುಕೊಳ್ಳುತ್ತದೆಂಬ ತಿಳಿವನ್ನು ಗಾಳಿಯ ದಾರಿಗೆ ಸೇರಿದ ನೀರಿಗೆ ಯಾರೂ ಅನ್ವಯಿಸಿ ನೋಡಿರಲಿಲ್ಲ. ಅಲ್ಲಿ ನೀರು ಸೇರಿದರೆ ಫ್ಯಾನೇ ನಿಂತುಹೋಗುತ್ತದೆ, ತಲೆಯವರೆಗೆ ಬರುವ ಪ್ರಶ್ನೆಯೇ ಇಲ್ಲ ಎಂಬುದು ಚಾಲ್ತಿಯಲ್ಲಿದ್ದ ತಿಳಿವಳಿಕೆ.

2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಜನರನ್ನು ಬಲಿ ಪಡೆದ ಕೊಲಂಬಿಯಾ ಷಟಲ್ ದುರಂತದ ಹಿಂದೆಯೂ ಇದೇ ಜಾಡಿತ್ತು. ಷಟಲ್‌ನ ಹೊರಗಿನ ಇಂಧನ ತೊಟ್ಟಿಯ ಫೋಮ್ ಚೂರುಗಳು ಹಿಂದಿನ ಹಾರಾಟಗಳಲ್ಲೂ ಬಿದ್ದಿದ್ದವು, ಏನೂ ಆಗಿರಲಿಲ್ಲ, ಆದ್ದರಿಂದ ಅದು ರಿಪೇರಿಯ ವಿಷಯ ಮಾತ್ರ ಎಂದು ಭಾವಿಸಲಾಗಿತ್ತು. ಹತ್ತು ವರ್ಷದ ಮೇಲೆ, ಆ ದುರಂತದ ತನಿಖಾ ವರದಿಯನ್ನು ಅರೆದು ಕುಡಿದಿದ್ದ ಸಂಸ್ಥೆಯಲ್ಲೇ ಅದು ಮರುಕಳಿಸಿತು.

ಜುಲೈ 16: ನಿಮಿಷಗಳ ಲೆಕ್ಕ

ಅಂದಿನ ಕೆಲಸ ಕೇಬಲ್ ಎಳೆಯುವುದು, ಜೋಡಿಸುವುದು. ಮುಂದೆ ಬರಲಿದ್ದ ರಷ್ಯಾದ ನೌಕಾ ಎಂಬ ಪ್ರಯೋಗಾಲಯ ಘಟಕಕ್ಕೆ ವಿದ್ಯುತ್ತು, ಮಾಹಿತಿ ಸಂಪರ್ಕದ ಸಿದ್ಧತೆ. ನಡಿಗೆ ಶುರುವಾದದ್ದು ಗ್ರೀನಿಚ್ ಸಮಯ 11:57ಕ್ಕೆ. ಮುಕ್ಕಾಲು ಗಂಟೆಯಾಗುವ ಮೊದಲೇ ಪರ್ಮಿತಾನೊ ಅವರ ಇಂಗಾಲದ ಡೈಆಕ್ಸೈಡ್ ಸಂವೇದಕ ಮತ್ತೆ ಕೈಕೊಟ್ಟಿತು. ಇದು ತೇವ ತಾಗಿದರೆ ಕೆಡುವ ಭಾಗ, ಹಿಂದೆಯೂ ಕೆಟ್ಟದ್ದುಂಟು. ಹಾಗಾಗಿ ಯಾರೂ ಗಾಬರಿಯಾಗಲಿಲ್ಲ. ಸುಮಾರು 44ನೇ ನಿಮಿಷಕ್ಕೆ ಅವರು ತಲೆಯ ಹಿಂದೆ ನೀರು ತಾಗುತ್ತಿದೆ ಎಂದರು.

ಬೆವರೇ? ಬೆವರಿಗೆ ಇದು ತೀರಾ ತಣ್ಣಗಿತ್ತು. ಚೀಲವೇ? ನಳಿಕೆಯಿಂದ ಏನೂ ಬರುವುದು ಕಾಣಲಿಲ್ಲ, ಆದರೆ ನೀರು ಹೆಚ್ಚುತ್ತಲೇ ಇತ್ತು. ಕ್ಯಾಸಿಡಿ ಹತ್ತಿರ ಬಂದು ಹೆಲ್ಮೆಟ್ಟಿನ ಗಾಜಿನಾಚೆಯಿಂದ ಇಣುಕಿ ನೋಡಿದರು. ಹೂಸ್ಟನ್ನಿನ ನಿಯಂತ್ರಣ ಕೊಠಡಿ, ಹೊರಗಿನ ಇಬ್ಬರು ಮಾತಾಡಿಕೊಂಡು ನಡಿಗೆ ನಿಲ್ಲಿಸುವ ತೀರ್ಮಾನಕ್ಕೆ ಬರಲು 23 ನಿಮಿಷ ಬೇಕಾಯಿತು. ಒಂದು ವಾರದ ಹಿಂದೆ ಒಪ್ಪಿಕೊಂಡ ಚೀಲದ ಕಥೆಯೇ ಈ ನಿಮಿಷಗಳನ್ನು ತಿಂದದ್ದು. ಜುಲೈ 9ರಂದು ‘ಕಾರಣ ತಿಳಿದಿಲ್ಲ’ ಎಂದು ಬರೆದಿಟ್ಟಿದ್ದರೆ, 16ರಂದು ಮೊದಲ ತಣ್ಣನೆಯ ಹನಿಗೇ ಒಳಗೆ ಕರೆಯುತ್ತಿದ್ದರು. ಅಷ್ಟಕ್ಕೂ ಆ ಸೂಟು ಹೊರಗೆ ಹೋಗುತ್ತಲೇ ಇರಲಿಲ್ಲ.

ಕೊಟ್ಟ ಆದೇಶ ‘ಟರ್ಮಿನೇಟ್’. ಇನ್ನೂ ಗಂಭೀರವಾದದ್ದು ‘ಅಬಾರ್ಟ್’. ಮೊದಲನೆಯದರಲ್ಲಿ ಕೆಲಸ ನಿಲ್ಲಿಸಿ ಕ್ರಮವಾಗಿ ಮರಳುವುದು, ಎರಡನೆಯದರಲ್ಲಿ ಎಲ್ಲ ಬಿಟ್ಟು ಏರ್‌ಲಾಕಿಗೆ ಧಾವಿಸುವುದು. ಪರ್ಮಿತಾನೊ ಒಬ್ಬರೇ ಹೊರಟರು, ಕ್ಯಾಸಿಡಿ ಸುತ್ತಮುತ್ತ ನೋಡಿಕೊಂಡು ಬೇರೆ ದಾರಿ ಹಿಡಿದರು. ಸುರಕ್ಷಾ ತಂತಿಗಳು ಒಂದಕ್ಕೊಂದು ಸಿಕ್ಕಿಕೊಳ್ಳಬಾರದೆಂದು ಹೋದ ದಾರಿಯಲ್ಲೇ ಬರಬೇಕು.

ಇಲ್ಲಿ ನೀರಿನ ಸ್ವಭಾವ ಗೊತ್ತಿರಬೇಕು. ನೆಲದ ಮೇಲಾಗಿದ್ದರೆ ಈ ನೀರು ಕುತ್ತಿಗೆಯಿಂದ ಕಾಲಿಗೆ ಇಳಿದು, ಬೂಟು ಒದ್ದೆಯಾಗಿ ಮುಗಿಯುತ್ತಿತ್ತು. ಅಲ್ಲಿ ಕೆಳಗೆ ಎಂಬುದೇ ಇಲ್ಲ. ಮೇಲ್ಮೈ ಸೆಳೆತ ಒಂದೇ ಒಡೆಯ. ನೀರು ಗಟ್ಟಿ ತುಪ್ಪದ ಹಾಗೆ ಮೈಗೆ ಕಚ್ಚಿಕೊಂಡು, ತೇವವಿದ್ದ ಕಡೆ ಹಬ್ಬುತ್ತದೆ. ಮೊದಲು ತಲೆಯ ಸಂಪರ್ಕ ಟೋಪಿ ನೆನೆಯಿತು, ಆಮೇಲೆ ನೀರಿನ ಗಡ್ಡೆ ಹಣೆಗೆ, ಕಣ್ಣಿಗೆ, ಮೂಗಿನ ಹೊಳ್ಳೆಗೆ ಬಂತು. ಒರೆಸಲು ಕೈ ಹೋಗದು. ತಲೆ ಅಲ್ಲಾಡಿಸಿದರೆ ಬೀಳುವುದೂ ಇಲ್ಲ.

ದಾರಿಯಲ್ಲಿ ಒಂದು ಆಂಟೆನಾ ದಾಟಲು ಪರ್ಮಿತಾನೊ ಮೈ ತಿರುಗಿಸಿದಾಗ ನೀರು ಮೂಗನ್ನು ಮುಚ್ಚಿತು. ಅದೇ ಹೊತ್ತಿಗೆ ಸೂರ್ಯ ಮುಳುಗಿತು (ಅಲ್ಲಿ ದಿನಕ್ಕೆ ಹದಿನಾರು ಸೂರ್ಯಾಸ್ತ). ಕಣ್ಣಿಗೆ ನೀರು, ಹೊರಗೆ ಕತ್ತಲೆ, ಕಿವಿಯಲ್ಲೂ ನೀರು ಸೇರಿ ಮಾತು ಅಸ್ಪಷ್ಟ. ಅವರು ಮರಳಿದ್ದು ಕೈಯಳತೆಯಲ್ಲಿ. ಸುರಕ್ಷಾ ತಂತಿಯ ಸುರುಳಿ ತಾನಾಗಿ ಸುತ್ತಿಕೊಳ್ಳುವಾಗ ಸುಮಾರು ಒಂದೂಕಾಲು ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತದೆ. ಆ ಮೆಲ್ಲನೆಯ ಎಳೆತ ಯಾವ ದಿಕ್ಕಿಗಿದೆಯೋ ಏರ್‌ಲಾಕು ಆ ದಿಕ್ಕಿಗೆ.

ಇನ್ನೂ ಒಂದು ಉಪಾಯ ಅವರ ತಲೆಯಲ್ಲಿತ್ತು: ಹೆಲ್ಮೆಟ್ಟಿನ ಎಡಬದಿಯ ಪರ್ಜ್ ವಾಲ್ವ್ ತೆರೆಯುವುದು. ನೀರಿನ ಒಂದಷ್ಟು ಭಾಗ ಹೊರಗೆ ನುಗ್ಗುತ್ತಿತ್ತು, ಜೊತೆಗೆ ಆಮ್ಲಜನಕವೂ. ಬೆನ್ನಪೆಟ್ಟಿಗೆಯ ಕೆಳಗಿರುವ ತುರ್ತು ಆಮ್ಲಜನಕ ಅರ್ಧ ಗಂಟೆಗೆ ಸಾಲುವಂಥದ್ದು. 1965ರಲ್ಲಿ ಮೊದಲ ಬಾಹ್ಯಾಕಾಶ ನಡಿಗೆ ಮಾಡಿದ ಅಲೆಕ್ಸೈ ಲಿಯೊನೊವ್ ಉಬ್ಬಿದ ಸೂಟಿನಿಂದಾಗಿ ಒಳಬರಲಾಗದೆ ಹೀಗೇ ವಾಲ್ವ್ ತಿರುಗಿಸಿ ಒತ್ತಡ ಇಳಿಸಿಕೊಂಡಿದ್ದರು. ಪರ್ಮಿತಾನೊಗೆ ಆ ಗತಿ ಬರಲಿಲ್ಲ.

ಏರ್‌ಲಾಕಿನ ಬಾಗಿಲು ಹಾಕಿಕೊಂಡ ಮೇಲೂ ಒತ್ತಡ ತುಂಬುವವರೆಗೆ ಹೆಲ್ಮೆಟ್ ತೆಗೆಯುವಂತಿಲ್ಲ. ಕ್ಯಾಸಿಡಿ ಪರ್ಮಿತಾನೊ ಅವರ ಕೈ ಅದುಮಿದರು, ಮರಳಿ ಅದುಮಿದರೆ ಸರಿಯಿದ್ದಾರೆಂದು ಅರ್ಥ. ಒಳಗಿನಿಂದ ಸಹಯಾತ್ರಿ ಕ್ಯಾರನ್ ನೈಬರ್ಗ್ ಒತ್ತಡ ಏರಿಸುತ್ತಿದ್ದರು. 13:29ಕ್ಕೆ ನಡಿಗೆ ಅಧಿಕೃತವಾಗಿ ಮುಗಿಯಿತು. ಸಹಯಾತ್ರಿಗಳು ಹೆಲ್ಮೆಟ್ ಕಳಚಿ ಟವೆಲುಗಳಿಂದ ನೀರು ಹೀರಿಸಿದರು.

ಕಳೆದದ್ದು, ಪಡೆದದ್ದು

ಅಂದು ಎಳೆಯುತ್ತಿದ್ದ ಕೇಬಲ್ಲುಗಳಿಗೆ ಕಾದು ಕೂತಿದ್ದ ಘಟಕ ನಿಲ್ದಾಣ ತಲುಪಿದ್ದು 2021ರ ಜುಲೈ 29ರಂದು. ಎಂಟು ವರ್ಷ! ತಡವಾಗುತ್ತದೆಂದು 2013ರಲ್ಲಿ ಗೊತ್ತಿರಲಿಲ್ಲ, ನಿಜ. ಆದರೂ ಆ ದಿನದ ಪಟ್ಟಿಯಲ್ಲಿ ಮರುವಾರಕ್ಕೆ ಮುಂದೂಡಲಾಗದ ಕೆಲಸ ಒಂದೂ ಇರಲಿಲ್ಲ. ಮಾನವ ಬಾಹ್ಯಾಕಾಶ ಯಾನ ಬೇಕೇ ಬೇಡವೇ ಎಂದು ಒಟ್ಟಾರೆ ವಾದ ಹೂಡುವವರು ಮರೆಯುವುದು ಇದನ್ನೇ. ಅಪಾಯ ಮತ್ತು ಲಾಭವನ್ನು ತೂಗಬೇಕಾದದ್ದು ಪ್ರತಿ ಬಾರಿ ಬಾಗಿಲು ತೆರೆಯುವಾಗ, ಅಂದಿನ ಕೆಲಸದ ಪಟ್ಟಿಯನ್ನು ಕೈಯಲ್ಲಿಟ್ಟುಕೊಂಡು.

ಅದೇ ವರ್ಷದ ಡಿಸೆಂಬರಿನಲ್ಲಿ ತಕ್ಕಡಿ ಬೇರೆಯಾಗಿತ್ತು. ಡಿಸೆಂಬರ್ 11ರಂದು ನಿಲ್ದಾಣದ ಎರಡು ಅಮೋನಿಯಾ ಶೀತಲ ಸಾಲುಗಳಲ್ಲಿ ಒಂದರ ಪಂಪು ಘಟಕ ಕೆಟ್ಟಿತು. ಉಪಕರಣಗಳನ್ನು ಆರಿಸಬೇಕಾಯಿತು, ಇನ್ನೊಂದು ಸಾಲೂ ಕೆಟ್ಟರೆ ನಿಲ್ದಾಣವೇ ಸಂಕಟಕ್ಕೆ ಬೀಳುತ್ತದೆ. ಐದು ತಿಂಗಳಿಂದ ನಾಸಾ ಸೂಟುಗಳು ಹೊರಗೆ ಹೋಗಿರಲಿಲ್ಲ. ಆದರೂ 21ನೇ ತಾರೀಖು ರಿಕ್ ಮ್ಯಾಸ್ಟ್ರಾಕಿಯೊ, ಮೈಕ್ ಹಾಪ್ಕಿನ್ಸ್ ಇಳಿದರು, 24ಕ್ಕೆ ಎರಡನೇ ನಡಿಗೆಯಲ್ಲಿ ಹೊಸ ಪಂಪು ಕೂರಿಸಿ ಮುಗಿಸಿದರು.

ಆ ಇಳಿಯುವಿಕೆಯನ್ನು ಸಾಧ್ಯ ಮಾಡಿದ ಎರಡು ಸಲಕರಣೆಗಳ ಸರಳತೆ ನೋಡಿದರೆ ನಗು ಬರಬಹುದು. ಒಂದು, ತಲೆಯ ಹಿಂದೆ ಕಿಂಡಿಯ ಬಳಿ ಅಂಟಿಸುವ ಹೀರುಮೆತ್ತೆ. ಮಕ್ಕಳ ಡೈಪರಿನ ತತ್ವವೇ. ನಡಿಗೆಯ ನಡುವೆ ಆಗಾಗ ತಲೆ ಹಿಂದಕ್ಕೆ ಒತ್ತಿ, ಮೆತ್ತೆ ಪಚಪಚ ಎನ್ನುತ್ತಿದೆಯೇ ಎಂದು ನೋಡಿ ಹೇಳುವುದು ಈಗ ಕ್ರಮದ ಭಾಗ. ಇನ್ನೊಂದು, ಉಸಿರು ಕೊಳವೆ: ಬಾಯಿಯ ಬಳಿಯಿಂದ ಸೊಂಟದ ಕಡೆಗೆ ಇಳಿಯುವ ಪ್ಲಾಸ್ಟಿಕ್ ನಳಿಗೆ, ವೆಲ್ಕ್ರೋದಿಂದ ಅಂಟಿಸಿದ್ದು. ಹೆಲ್ಮೆಟ್ಟಿನಲ್ಲಿ ನೀರು ತುಂಬಿದರೂ ಸೂಟಿನ ನಡುಭಾಗದ ಗಾಳಿಯನ್ನು ಎಳೆದುಕೊಳ್ಳಬಹುದು. ಎರಡೂ ಸೋರಿಕೆಯನ್ನು ತಡೆಯುವುದಿಲ್ಲ. ಸೋರಿದಾಗ ಸಮಯ ಕೊಡುತ್ತವೆ.

ಸೋರಿಕೆ ಪೂರ್ತಿ ನಿಂತೂ ಇಲ್ಲ. 2016ರ ಜನವರಿ 15ರಂದು ಟಿಮ್ ಕೋಪ್ರಾ ಅವರ ಹೆಲ್ಮೆಟ್ಟಿನಲ್ಲಿ ಸಣ್ಣ ನೀರಿನ ಗುಳ್ಳೆ ಕಂಡಿತು, ಸೂಟು ಅದೇ 3011. ಈ ಸಲ ಚರ್ಚೆ ಬೆಳೆಯಲಿಲ್ಲ. ಅಂದಿನ ನಡಿಗೆಯ ಮುಖ್ಯ ರಿಪೇರಿ ಕೆಲಸ ಅಷ್ಟರಲ್ಲಿ ಮುಗಿದಿತ್ತು, ಇಬ್ಬರನ್ನೂ ಒಳಗೆ ಕರೆದರು. 2022ರ ಮಾರ್ಚ್ 23ರಂದು ರಾಜಾ ಚಾರಿ ಜೊತೆ ಹೋಗಿದ್ದ ಮತ್ತಿಯಾಸ್ ಮೌರರ್ ಮರಳಿದಾಗ ಹೆಲ್ಮೆಟ್ಟಿನ ಗಾಜಿಗೆ ನೀರಿನ ತೆಳು ಪದರ ಅಂಟಿತ್ತು. ಬರೀ ಪದರ. ಅಷ್ಟಕ್ಕೇ ತುರ್ತಲ್ಲದ ನಡಿಗೆಗಳನ್ನೆಲ್ಲ ನಿಲ್ಲಿಸಿ, ಅಕ್ಟೋಬರಿನಲ್ಲಿ ಮತ್ತೆ ಒಪ್ಪಿಗೆ ಕೊಟ್ಟರು. ಷಟಲ್ ಇದ್ದಾಗ ಸೂಟುಗಳು ನೆಲಕ್ಕೆ ಬಂದು ಬಿಚ್ಚಿ ಜೋಡಿಸಿಕೊಂಡು ಹೋಗುತ್ತಿದ್ದವು. 2011ರಲ್ಲಿ ಷಟಲ್ ನಿಂತ ಮೇಲೆ ವರ್ಷಗಟ್ಟಲೆ ಮೇಲೆಯೇ ಉಳಿಯುತ್ತವೆ, ಅಲ್ಲಿನ ಕೈಗಳಲ್ಲೇ ರಿಪೇರಿಯಾಗುತ್ತವೆ. ಹಳೆಯ ವಿನ್ಯಾಸವನ್ನು ಅದು ಎಣಿಸಿರದ ರೀತಿಯಲ್ಲಿ ದುಡಿಸುವುದರ ಬೆಲೆ ಇದು.

ಲಾಭದ ಪಾಲನ್ನು ಅಳೆಯಲು ಪರ್ಮಿತಾನೊ ಅವರದೇ ಎರಡನೇ ಯಾತ್ರೆ ಸಿಗುತ್ತದೆ. 2013ರ ಜುಲೈ 9ರಂದು ಅವರು ಹೊರಗಿನಿಂದ ಫೋಟೊ ತೆಗೆದಿದ್ದ ಉಪಕರಣಗಳಲ್ಲಿ ಆಲ್ಫಾ ಮ್ಯಾಗ್ನೆಟಿಕ್ ಸ್ಪೆಕ್ಟ್ರೋಮೀಟರ್ ಒಂದು. ಭೌತವಿಜ್ಞಾನಿ ಸ್ಯಾಮ್ಯುಯೆಲ್ ಟಿಂಗ್ ನೇತೃತ್ವದ, 2011ರಲ್ಲಿ ಏರಿಸಿದ ಈ ಯಂತ್ರ ವಿಶ್ವಕಿರಣಗಳನ್ನು ಎಣಿಸುತ್ತದೆ. ಮೂರು ವರ್ಷಕ್ಕೆಂದು ಕಟ್ಟಿದ್ದು ಮುಂದೆಯೂ ನಡೆಯಿತು, ಆದರೆ ಅದರ ಶೀತಲ ಪಂಪುಗಳು ಒಂದೊಂದೇ ಸೋಲತೊಡಗಿದವು. ಬಾಹ್ಯಾಕಾಶದಲ್ಲಿ ರಿಪೇರಿ ಮಾಡಲೆಂದು ಅದನ್ನು ಕಟ್ಟಿರಲೇ ಇಲ್ಲ. ಹಿಡಿಕೆಯಿಲ್ಲ, ಬಿಚ್ಚುವ ಜಾಗವಿಲ್ಲ. ನಿಲ್ದಾಣದ ರೋಬಾಟ್ ತೋಳು ಮನುಷ್ಯನನ್ನು ಅಲ್ಲಿಗೆ ಒಯ್ಯಬಲ್ಲದು, ಕೂದಲೆಳೆಯಂಥ ಕೊಳವೆ ಕತ್ತರಿಸಿ ಬೆಸೆಯಲಾರದು. 2019ರ ನವೆಂಬರಿನಿಂದ 2020ರ ಜನವರಿಯವರೆಗೆ ಪರ್ಮಿತಾನೊ ಮತ್ತು ಆಂಡ್ರ್ಯೂ ಮಾರ್ಗನ್ ನಾಲ್ಕು ನಡಿಗೆಗಳಲ್ಲಿ, ಇದಕ್ಕೆಂದೇ ತಯಾರಿಸಿದ ಇಪ್ಪತ್ತಕ್ಕೂ ಹೆಚ್ಚು ಸಲಕರಣೆಗಳಿಂದ, ಎಂಟು ಸ್ಟೀಲ್ ಕೊಳವೆ ಕತ್ತರಿಸಿ ಹೊಸ ಪಂಪು ವ್ಯವಸ್ಥೆಗೆ ಜೋಡಿಸಿದರು.

2020ರ ಜನವರಿ 25ರ ಕೊನೆಯ ನಡಿಗೆ ಸೋರಿಕೆ ಪರೀಕ್ಷೆಗೆ ಮೀಸಲಾಗಿತ್ತು. ಎಂಟರಲ್ಲಿ ಒಂದು ಕೊಳವೆಯ ಜೋಡಣೆಯಲ್ಲಿ ಸೋರಿಕೆ ಕಂಡಿತು. ಪರ್ಮಿತಾನೊ ಬಿಗಿ ಮಾಡಿದರು. ಸಿಕ್ಕಿಕೊಂಡಿದ್ದ ಅನಿಲ ಆರಿಹೋಗಲೆಂದು ಸುಮಾರು ಒಂದು ಗಂಟೆ ಕಾದು, ಮತ್ತೆ ಅದೇ ಜೋಡಣೆಗೆ ಬಂದು ಪರೀಕ್ಷಿಸಿದರು. ಇನ್ನೂ ಸೋರುತ್ತಿತ್ತು. ಮತ್ತೊಮ್ಮೆ ಬಿಗಿ ಮಾಡಿದ ಮೇಲೆ ನಿಂತಿತು.